ಹನ್ನೆರಡು ಅಡಿ ಹಿಂದಕ್ಕೆ

ಆ ನಗರದ ಸ್ವಂತ ವಿಮಾನ ನಿಲ್ದಾಣಕ್ಕೆ ಪ್ರಯಾಣಿಕರ ದೊಡ್ಡ ವಿಮಾನ ಯಾವತ್ತೂ ಬಂದಿರಲಿಲ್ಲ. ಒಂದು ರನ್‌ವೇ, ಎರಡು ಫ್ಲೈಯಿಂಗ್ ಸ್ಕೂಲು, ಡಾಕ್ಟರು, ವಕೀಲರು ವಾರಾಂತ್ಯದಲ್ಲಿ ಹಾರಿಸುವ ಪುಟ್ಟ ವಿಮಾನಗಳು, ದಕ್ಷಿಣದ ಅಂಚಿನಲ್ಲಿ ತಗಡಿನ ಹಳೆಯ ಹ್ಯಾಂಗರ್‌ಗಳ ಒಂದು ಸಾಲು, ಅದರ ಮುಂದೆ ಒಣಹುಲ್ಲು ಬೆಳೆದ ಖಾಲಿ ಜಾಗ. ಇಷ್ಟೇ. ಸ್ಯಾನ್ ಡಿಯೇಗೊ ಹತ್ತಿರದ ಊರು. ಹೆಸರು ಹೇಳುವುದಿಲ್ಲ, ಅವತ್ತಿನವರು ಕೆಲವರು ಇನ್ನೂ ಅಲ್ಲೇ ಇದ್ದಾರೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಯುದ್ಧವಿಮಾನದ ಭಾಗ, ಕ್ಷಿಪಣಿಯ ಭಾಗ ಮಾಡುತ್ತಿದ್ದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯೇಗೊವರೆಗೂ ಅದೇ ಮಾತು: ಇವತ್ತು ಯಾರ ಕೆಲಸ ಹೋಯಿತು, ನಾಳೆ ಯಾರದ್ದು. ಆಗ ನಗರಸಭೆಯವರ ಕಣ್ಣು ಆ ಖಾಲಿ ಜಾಗದ ಮೇಲೆ ಬಿತ್ತು. ವಿಮಾನ ರಿಪೇರಿ ಮಾಡುವ ಒಂದು ದೊಡ್ಡ ಕಂಪನಿಯನ್ನು ಅಲ್ಲಿಗೆ ತರಿಸಿದರೆ ಅದರ ಬಾಲ ಹಿಡಿದು ಇನ್ನೂ ಕೆಲವು ಬರುತ್ತವೆ, ಊರಿಗೆ ಮತ್ತೆ ಉಸಿರು ಬರುತ್ತದೆ ಎಂಬುದು ಅವರ ಆಸೆ. ದುರಾಸೆಯಂತೂ ಅಲ್ಲ. ಕಂಪನಿಯೂ ಒಪ್ಪಿತ್ತು, ಆದರೆ ಒಂದು ಷರತ್ತಿನ ಮೇಲೆ: ಬೇಸಿಗೆಯೊಳಗೆ ಅಡಿಪಾಯ ಬೀಳಬೇಕು. ಇಲ್ಲದಿದ್ದರೆ ಅರಿಜೋನಾದಲ್ಲಿ ಇನ್ನೊಂದು ಊರು ಜಾಗ ಹಿಡಿದು ಕಾಯುತ್ತಿತ್ತು.

ನಕ್ಷೆ ಮಾಡಿಕೊಡುವ ಕೆಲಸ ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯಲ್ಲಿದ್ದ ನಮ್ಮ ಸಣ್ಣ ಎಂಜಿನಿಯರಿಂಗ್ ಆಫೀಸಿಗೆ ಸಿಕ್ಕಿತು, ಆಫೀಸಿನಲ್ಲಿ ನನ್ನ ತಲೆಗೆ ಬಂತು. ಸೋಮವಾರ ಬೆಳಕು ಹರಿಯುವ ಮೊದಲೇ ಹೊರಟು ಫ್ರೀವೇ ಹಿಡಿದರೆ ಒಂಬತ್ತಕ್ಕೆ ಅಲ್ಲಿ. ಎರಡು ದಿನ ಮೋಟೆಲಿನಲ್ಲಿ ಇದ್ದು ವಾಪಸ್. ಏಳೆಂಟು ತಿಂಗಳು ಹೀಗೇ ನಡೆಯಿತು.

ರನ್‌ವೇ ಪಕ್ಕದಲ್ಲಿ ಕಟ್ಟಡ ಕಟ್ಟಲು ಒಂದು ಕೇಂದ್ರ ಸರ್ಕಾರದ ನಿಯಮವಿದೆ. ರನ್‌ವೇಯ ಎರಡೂ ಬದಿಗೆ ಇಂತಿಷ್ಟು ಅಗಲ ಬಯಲು ಬಿಡಬೇಕು. ಆ ಬಯಲಿನ ಅಂಚಿನಿಂದ ಒಂದು ಕಾಣದ ಇಳಿಜಾರು ಮೇಲೇರುತ್ತದೆ ಎಂದುಕೊಳ್ಳಿ: ಏಳು ಅಡಿ ದೂರ ಸರಿದರೆ ಒಂದು ಅಡಿ ಎತ್ತರ. ಯಾವ ಕಟ್ಟಡವೂ ಆ ಇಳಿಜಾರನ್ನು ಚುಚ್ಚಬಾರದು. ಅಡ್ಡಗಾಳಿಗೆ ಸಿಕ್ಕಿ ಪಕ್ಕಕ್ಕೆ ಸರಿದ ವಿಮಾನಕ್ಕಾಗಿ ಬಿಟ್ಟ ಜಾಗ ಅದು. ಕಂಪನಿಗೆ ಬೇಕಿದ್ದದ್ದು ಎತ್ತರದ ಶೆಡ್ಡು, ಏಕೆಂದರೆ ವಿಮಾನದ ಬಾಲ ಎತ್ತರ. ಎತ್ತರದ ಶೆಡ್ಡು ರನ್‌ವೇಯಿಂದ ದೂರ ಇರಬೇಕು. ದೂರ ಹೋದರೆ ಹಿಂದೆ ಆ ತಗಡಿನ ಹ್ಯಾಂಗರ್ ಸಾಲು ಅಡ್ಡ ಬರುತ್ತದೆ. ನಗರಸಭೆಯ ಮೊದಲ ಸ್ಕೆಚ್ಚಿನಲ್ಲಿ ಆ ಸಾಲಿನ ಮೇಲೆ ಒಂದು ಅಡ್ಡಗೆರೆ ಎಳೆದು 'ತೆಗೆಯುವುದು' ಎಂದು ಬರೆದಿತ್ತು.

ಆ ಜಾಗದ ಮೂಲೆಗಳ ಅಳತೆ ತೆಗೆದುಕೊಳ್ಳಲು ಹೋದ ದಿನ ಆ ಸಾಲಿನ ಒಂದು ಹ್ಯಾಂಗರಿನಿಂದ ಅರುವತ್ತು ದಾಟಿದ ಒಬ್ಬರು ಕೈ ಒರೆಸಿಕೊಳ್ಳುತ್ತ ಹೊರಬಂದರು. ನಾನು ಯಾರು, ಏನು ಎಂದು ಕೇಳುವ ಮೊದಲೇ, "ಊಟ ಆಯ್ತಾ?" ಎಂದರು. ಅಮೆರಿಕಕ್ಕೆ ಬಂದು ಹತ್ತು ವರ್ಷದಲ್ಲಿ ನಮ್ಮವರಲ್ಲದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅವರು ಫಿಲಿಪೀನ್ಸ್‌ನವರು. ಇಲ್ಲಿನ ನೌಕಾಪಡೆಗೆ ಸೇರಿ, ಮೊದಮೊದಲು ಅಧಿಕಾರಿಗಳಿಗೆ ಊಟ ಬಡಿಸಿ, ಆಮೇಲೆ ಕಾಡಿ ಬೇಡಿ ವಿಮಾನ ವಿಭಾಗಕ್ಕೆ ಹೋಗಿ ಕೆಲಸ ಕಲಿತವರು. ನಿವೃತ್ತಿಯಾದ ಮೇಲೆ ಇಲ್ಲಿ ಪ್ರೊಪೆಲ್ಲರ್ ರಿಪೇರಿ ಅಂಗಡಿ ಇಟ್ಟಿದ್ದರು. ನಾಲ್ಕು ಜನ ಕೆಲಸಗಾರರು. ಅದರಲ್ಲಿ ಮೂವರು ಮುಚ್ಚಿದ ಕಾರ್ಖಾನೆಗಳಿಂದ ಹೊರಬಿದ್ದವರು. ಊರಿಗೆ ಉದ್ಯೋಗ ತರುತ್ತೇವೆ ಎಂದು ಹೊರಟ ನಾವು ಮೊದಲು ಕಿತ್ತುಹಾಕಲು ಹೊರಟದ್ದು ಇಂಥದ್ದನ್ನು. ಅವತ್ತು ಅವರ ಮೇಜಿನ ಮೇಲೆ ಅನ್ನ, ಮೀನು ತಿಂದು ಎದ್ದಾಗ ನನಗೆ ನಗರಸಭೆಯ ಆ ಅಡ್ಡಗೆರೆಯ ಮೇಲೆ ಸಿಟ್ಟು ಬಂದಿತ್ತು.

ಆ ಸಿಟ್ಟಿನಲ್ಲೇ ಕೆಲಸ ಮಾಡಿದೆ. ಶೆಡ್ಡನ್ನು ಸ್ವಲ್ಪ ತಿರುಗಿಸಿ, ಛಾವಣಿಯ ಇಳಿಜಾರನ್ನು ರನ್‌ವೇ ಕಡೆಗೆ ತಗ್ಗಿಸಿ, ಫೈರ್ ಎಂಜಿನ್ ಓಡಾಡಲು ಬಿಡಲೇಬೇಕಾದ ದಾರಿಯನ್ನು ಬಿಟ್ಟು, ಆಮೇಲೂ ಹಳೆಯ ಸಾಲು ಉಳಿಯುವ ಹಾಗೆ ನಕ್ಷೆ ಕೂರಿಸಿದೆ. ಕಾಣದ ಆ ಇಳಿಜಾರಿಗೂ ಶೆಡ್ಡಿನ ಅಂಚಿಗೂ ಉಳಿದದ್ದು ಅರ್ಧ ಅಡಿ. ಅರ್ಧ ಅಡಿಯಾದರೇನು, ನಿಯಮದ ಒಳಗೇ ಇತ್ತು. ಹೆಮ್ಮೆಪಟ್ಟೆ.

ಅದೇ ವಾರ ಅಂಗಡಿಯ ಯಜಮಾನರು ನನ್ನನ್ನು ಕರೆದು ಒಂದು ಮಾತು ಕೇಳಿದರು. ಹತ್ತು ಮೈಲಿ ಆಚೆಯ ಇನ್ನೊಂದು ಏರ್‌ಪೋರ್ಟಿನಲ್ಲಿ ಒಂದು ಹ್ಯಾಂಗರ್ ಖಾಲಿಯಾಗಿದೆ, ಶುಕ್ರವಾರದೊಳಗೆ ಉತ್ತರ ಕೊಡಬೇಕು.

"ಇಲ್ಲಿ ನಂದು ತಿಂಗಳ ಲೆಕ್ಕದ ಬಾಡಿಗೆ. ಇವರು ಎದ್ದು ಹೋಗು ಅಂದ್ರೆ ಹೋಗಬೇಕು. ನೀವು ನಕ್ಷೆ ಮಾಡೋರು, ನಿಮಗೆ ಗೊತ್ತಿರತ್ತೆ. ಹೋಗಲಾ, ಇರಲಾ?"

"ಇರಿ," ಎಂದೆ. "ನಿಮ್ಮ ಸಾಲಿಗೆ ಏನೂ ಆಗಲ್ಲ. ಅದನ್ನ ನಾನು ನೋಡ್ಕೋತೀನಿ."

ಇದು ನಮ್ಮ ಜನರ ಅಭ್ಯಾಸ. ಆಸ್ಪತ್ರೆಯ ಬಾಗಿಲಲ್ಲಿ, ಮಗಳ ಮದುವೆ ಮಾತುಕತೆಯಲ್ಲಿ, ಕೋರ್ಟಿನ ಮೆಟ್ಟಿಲ ಮೇಲೆ, ಎದುರಿನವರ ಮುಖ ಬಾಡಿದ್ದು ಕಂಡರೆ ಸಾಕು, ಏನೂ ಆಗಲ್ಲ, ನಾನಿದ್ದೀನಿ ಅಂದುಬಿಡುತ್ತೇವೆ. ಕೇಳಿಸಿಕೊಳ್ಳುವವರೂ ನಮ್ಮವರೇ ಆದ್ದರಿಂದ ಅದನ್ನು ಸಮಾಧಾನ ಎಂದು ತೆಗೆದುಕೊಳ್ಳುತ್ತಾರೆ, ಬರೆದುಕೊಟ್ಟ ಪತ್ರ ಎಂದಲ್ಲ. ಇವರು ನನ್ನ ಮುಖವನ್ನು ಒಮ್ಮೆ ನೋಡಿ, ಒಳಗೆ ಹೋಗಿ, ಆ ಇನ್ನೊಂದು ಏರ್‌ಪೋರ್ಟಿಗೆ ಫೋನು ಮಾಡಿ, ಬೇಡ ಎಂದು ಹೇಳಿದರು. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಒಬ್ಬ ಕನ್ಸಲ್ಟೆಂಟ್ ಎಂಜಿನಿಯರನಿಗೆ ಹಾಗೆ ಮಾತು ಕೊಡುವ ಅಧಿಕಾರ ಯಾರೂ ಕೊಟ್ಟಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಡ್ರಾಯಿಂಗಿನ ಪ್ರತಿಯೊಂದು ಅಂಕಿಯನ್ನೂ ಅದನ್ನು ಬರೆಯದ ಇನ್ನೊಬ್ಬರು ತಾಳೆ ನೋಡಬೇಕು. ಸರಿಯಿದ್ದರೆ ಹಳದಿ ಪೆನ್ಸಿಲ್ ಎಳೆಯಬೇಕು, ತಪ್ಪಿದ್ದರೆ ಕೆಂಪು. ನಮ್ಮ ಆಫೀಸಿನಲ್ಲಿ ಹಾಗೆ ತಾಳೆ ನೋಡುತ್ತಿದ್ದ ಹಿರಿಯ ಎಂಜಿನಿಯರನ್ನು ಆ ವರ್ಷ ಮನೆಗೆ ಕಳಿಸಿದ್ದರು. ಎಲ್ಲ ಕಡೆಯೂ ಮಂದಗತಿ, ನಮ್ಮಲ್ಲೂ. ಬೇರೆಯವರಿಗೆ ಪುರುಸೊತ್ತಿರಲಿಲ್ಲ. ನಾನೇ ಒಂದು ಮಧ್ಯಾಹ್ನ ಕೂತು ನನ್ನ ಅಂಕಿಗಳ ಮೇಲೆ ನಾನೇ ಹಳದಿ ಎಳೆದೆ. ತಾನೇ ಪರೀಕ್ಷೆ ಬರೆದು ತಾನೇ ಮಾರ್ಕು ಹಾಕಿಕೊಂಡರೆ ಯಾರು ಫೇಲಾಗುತ್ತಾರೆ? ಹಾಳೆಯ ತುಂಬ ಹಳದಿಯೇ. ಮೂಲೆಯಲ್ಲಿ ನನ್ನ ಸಹಿ, ನನ್ನ ಮೊಹರು.

ನಗರಸಭೆ ನಕ್ಷೆಯನ್ನು ಮೆಚ್ಚಿಕೊಂಡಿತು. ಕಂಪನಿಯೂ ಸಹಿ ಹಾಕಿತು. ಇನ್ನು ನೆಲದ ಮೇಲೆ ಗುರುತಿನ ಗೂಟ ಹೊಡೆಯಬೇಕಿತ್ತು. ಆ ಸರ್ವೆ ಕೆಲಸ ಸ್ಯಾನ್ ಡಿಯೇಗೊದ ಕರ್ನಿ ಮೆಸಾದಲ್ಲಿದ್ದ ಒಂದು ಪುಟ್ಟ ಆಫೀಸಿಗೆ ಹೋಯಿತು. ಅದನ್ನು ನಡೆಸುತ್ತಿದ್ದವರು ಉಡುಪಿ ಕಡೆಯ ಹಿರಿಯರು. ನಾವೆಲ್ಲ ಅವರನ್ನು ರಾಯರು ಎಂದು ಕರೆಯುತ್ತಿದ್ದೆವು. ಒಂದು ದಿನ ಅವರು ಫೋನು ಮಾಡಿದರು.

"ಮಾರಾಯ, ನೀನು ಒಮ್ಮೆ ಇಲ್ಲಿಗೆ ಬಾ. ಫೋನಿನಲ್ಲಿ ಹೇಳುವಂಥದ್ದಲ್ಲ."

ಹೋದೆ. ರಾಯರು ಮೇಜಿನ ಮೇಲೆ ನನ್ನ ನಕ್ಷೆಯನ್ನು ಹರಡಿ ನಾಲ್ಕು ಮೂಲೆಗೂ ಪುಸ್ತಕ ಇಟ್ಟಿದ್ದರು. ಒಂದು ಬೆರಳು ರನ್‌ವೇಯ ಎತ್ತರದ ಮೇಲೆ, ಇನ್ನೊಂದು ಶೆಡ್ಡಿನ ನೆಲದ ಎತ್ತರದ ಮೇಲೆ.

"ಇದು ಎಲ್ಲಿಂದ ತಂದದ್ದು? ಇದು?"

ರನ್‌ವೇಯದ್ದು ಕೇಂದ್ರದವರು ಹೊಸದಾಗಿ ಮಾಡಿಸಿದ ಸರ್ವೆಯಿಂದ, ನೆಲದ್ದು ನಗರದ ಹಳೆಯ ನಕ್ಷೆಗಳಿಂದ ಎಂದೆ.

ಸಮುದ್ರಮಟ್ಟದಿಂದ ಎತ್ತರ ಅಳೆಯುವುದಕ್ಕೆ ಈ ದೇಶದಲ್ಲಿ ಅಲ್ಲಿಯವರೆಗೆ ಒಂದು ಹಳೆಯ ಲೆಕ್ಕವಿತ್ತು. ಅದನ್ನು ಬಿಟ್ಟು ಆಗಷ್ಟೇ ಹೊಸ ಲೆಕ್ಕ ಜಾರಿಗೆ ತರುತ್ತಿದ್ದರು. ಆ ಭಾಗದಲ್ಲಿ ಅದೇ ನೆಲಕ್ಕೆ ಹೊಸ ಲೆಕ್ಕದಲ್ಲಿ ಎರಡು ಅಡಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ರನ್‌ವೇಯ ಅಂಕಿ ಹೊಸದು, ಶೆಡ್ಡಿನ ನೆಲದ ಅಂಕಿ ಹಳೆಯದು. ನಾನು ಎರಡನ್ನೂ ಒಂದೇ ಹಾಳೆಗೆ ಇಳಿಸಿ ಒಂದರಿಂದ ಒಂದನ್ನು ಕಳೆದಿದ್ದೆ.

"ಒಬ್ಬನ ಎತ್ತರ ಅಂಗಳದಿಂದ ಅಳೆದೆ, ಇನ್ನೊಬ್ಬನದ್ದು ಜಗಲಿಯಿಂದ ಅಳೆದೆ. ಆಮೇಲೆ ಯಾರು ಕುಳ್ಳ ಅಂತ ಹೇಳಿದ್ದೀ," ಎಂದರು ರಾಯರು. ನಗಲಿಲ್ಲ. "ಎರಡೂ ಡ್ರಾಯಿಂಗಿನ ಮೂಲೆಯಲ್ಲಿ ಬರೆದೇ ಉಂಟು. ಸಣ್ಣ ಅಕ್ಷರ. ನೀನು ಓದಲಿಲ್ಲ."

ಅಲ್ಲೇ ಲೆಕ್ಕ ಹಾಕಿದೆವು. ಶೆಡ್ಡು ಇಳಿಜಾರಿನ ಕೆಳಗೆ ಅರ್ಧ ಅಡಿ ಇರಲಿಲ್ಲ, ಒಂದೂವರೆ ಅಡಿಗಿಂತ ಹೆಚ್ಚು ಮೇಲಕ್ಕೆ ಚುಚ್ಚಿಕೊಂಡಿತ್ತು. ಸರಿಮಾಡಲು ಶೆಡ್ಡನ್ನು ಹನ್ನೆರಡು ಅಡಿ ಹಿಂದಕ್ಕೆ ಸರಿಸಬೇಕು. ಹಿಂದೆ ಫೈರ್ ಎಂಜಿನ್ ದಾರಿ, ದಾರಿಯ ಆಚೆ ಪ್ರೊಪೆಲ್ಲರ್ ಅಂಗಡಿ.

"ರಾಯರೇ, ಈಗ ಏನ್ ಮಾಡೋದು?"

"ನಾನು ನೋಡಿದ್ದೇನೆ ಅಂತ ಯಾರಿಗೂ ಹೇಳಲಿಕ್ಕೆ ಹೋಗುವುದಿಲ್ಲ. ಅದು ನಿನ್ನ ಸಹಿ, ನಿನ್ನ ಕೆಲಸ. ಆದರೆ ಆ ಗೂಟ ನಾನು ಹೊಡೆಯುವುದಿಲ್ಲ."

ಮೂರು ದಿನ ಬೇರೆ ದಾರಿ ಹುಡುಕಿದೆ. ಛಾವಣಿ ತಗ್ಗಿಸಿದರೆ ವಿಮಾನದ ಬಾಲ ಬಾಗಿಲಿಗೆ ತಾಗುತ್ತದೆ. ನೆಲವನ್ನೇ ಎರಡು ಅಡಿ ಅಗೆದು ತಗ್ಗಿಸೋಣವೆಂದರೆ ಮಳೆನೀರು ಹೋಗುವ ಕೊಳವೆ ಅದಕ್ಕಿಂತ ಮೇಲಿತ್ತು. ಶೆಡ್ಡನ್ನು ಪಕ್ಕಕ್ಕೆ ಸರಿಸಿದರೆ ಪೆಟ್ರೋಲ್ ಟ್ಯಾಂಕುಗಳ ಜಾಗ. ಮೇಲೆ ಕೆಂಪು ದೀಪ ಹಾಕುತ್ತೇವೆ, ರಿಯಾಯಿತಿ ಕೊಡಿ ಎಂದು ಕೇಂದ್ರದವರಿಗೆ ಅಪ್ಲೈ ಮಾಡಬಹುದಿತ್ತು, ಆದರೆ ಅವರ ಪರಿಶೀಲನೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಕಂಪನಿ ಅರಿಜೋನಾದಲ್ಲಿರುತ್ತದೆ. ಅತ್ತ ದರಿ, ಇತ್ತ ಪುಲಿ. ಇನ್ನೊಂದು ದಾರಿಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ: ಸುಮ್ಮನಿರುವುದು. ರಾಯರು ಬಾಯಿ ಬಿಡುವುದಿಲ್ಲ, ಗೂಟ ಹೊಡೆಯುವ ಬೇರೆಯವರು ಸಿಗುತ್ತಾರೆ, ಅಂಗಡಿ ಉಳಿಯುತ್ತದೆ, ಕಂಪನಿ ಬರುತ್ತದೆ. ಒಂದೂವರೆ ಅಡಿ ಯಾರ ಕಣ್ಣಿಗೆ ಕಾಣುತ್ತದೆ? ಕೊಟ್ಟ ಮಾತು ಉಳಿಸಿಕೊಳ್ಳುವ ಏಕೈಕ ದಾರಿ ಸುಳ್ಳಿನದ್ದಾಗಿತ್ತು.

ಶನಿವಾರ ಕ್ಯಾಲಬಾಸಸ್‌ನಲ್ಲಿರುವ ಮಲಿಬು ದೇವಸ್ಥಾನಕ್ಕೆ ಡ್ರೈವ್ ಮಾಡುವಾಗ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಲೆಕ್ಕದ ವಿಷಯ ಕೇಳಲೇ ಇಲ್ಲ.

"ಅಲ್ಲಾರೀ, ಆ ಅಂಗಡಿಯವ್ರಿಗೆ ಯಾವಾಗ ಹೇಳ್ತೀರಾ?"

"ಮೊದಲು ಆಫೀಸಲ್ಲಿ ಹೇಳ್ಬೇಕು, ಆಮೇಲೆ ಏರ್‌ಪೋರ್ಟ್ ಮ್ಯಾನೇಜರ್‌ಗೆ, ಅದಕ್ಕೊಂದು ಕ್ರಮ ಇರತ್ತೆ."

"ನಿಮ್ಮ ಕ್ರಮ ನಂಬ್ಕೊಂಡು ಅವ್ರು ಆ ಜಾಗ ಬಿಡ್ಲಿಲ್ಲ. ನಿಮ್ಮನ್ನ ನಂಬಿದ್ರು. ಮೊದಲು ಅವ್ರಿಗೆ ಹೇಳಿ."

ನಾನು ಕ್ರಮ ಬಿಡಲಿಲ್ಲ. ಸೋಮವಾರ ಆಫೀಸಿನಲ್ಲಿ ಹೇಳಿದೆ. ನಮ್ಮ ಬಾಸು ಲೆಕ್ಕವನ್ನು ಒಮ್ಮೆ ತಾವೇ ಹಾಕಿ ನೋಡಿ, ಹೋಗಿ ಹೇಳು ಎಂದರು. ಮಂಗಳವಾರ ಏರ್‌ಪೋರ್ಟ್ ಮ್ಯಾನೇಜರಿಗೆ ಹೇಳಿದೆ. ಆಕೆ ನಗರಸಭೆಯ ಉದ್ಯೋಗಿ, ಆ ಕಂಪನಿಯನ್ನು ಕರೆತರಲು ಎರಡು ವರ್ಷ ತಿರುಗಿದವಳು.

"ಎಷ್ಟು?" ಎಂದಳು.

"ಒಂದೂವರೆ ಅಡಿಗಿಂತ ಸ್ವಲ್ಪ ಹೆಚ್ಚು."

"ನೀವು ಹೇಳದಿದ್ದರೆ ನನಗೆ ಗೊತ್ತಾಗ್ತಾ ಇತ್ತಾ?"

"ಇಲ್ಲ."

ಅವಳು ಬೈಯಲಿಲ್ಲ. ಹಳೆಯ ಸ್ಕೆಚ್ಚನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟಳು, ಆ ಅಡ್ಡಗೆರೆಯಿದ್ದದ್ದನ್ನು. ಬೇಸಿಗೆಯೊಳಗೆ ಅಡಿಪಾಯ ಬೀಳಬೇಕೆಂದರೆ ಹ್ಯಾಂಗರ್ ಸಾಲು ಹೋಗಲೇಬೇಕು ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಜ್ವರ ನನ್ನದು.

ಅಲ್ಲಿಂದ ನೇರ ಅಂಗಡಿಗೆ ಹೋದೆ. ಯಜಮಾನರು ಒಂದು ಪ್ರೊಪೆಲ್ಲರಿನ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆಯುತ್ತಿದ್ದರು. ಬುಡದಿಂದ ತುದಿಯವರೆಗೆ ಗೇಣಿಗೊಂದು ಸೀಮೆಸುಣ್ಣದ ಗೆರೆ, ಪ್ರತಿ ಗೆರೆಗೂ ಒಂದು ಅಂಕಿ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅವರು ಅರ್ಧಕ್ಕೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು.

"ಯಾವುದು ಹೊಸ ಅಂಕಿ? ರನ್‌ವೇಯದ್ದಾ, ನೆಲದ್ದಾ?"

"ರನ್‌ವೇಯದ್ದು."

"ಹಾಗಾದ್ರೆ ಕಟ್ಟಡ ನಿಜವಾಗ್ಲೂ ಎತ್ತರ." ತಲೆಯಾಡಿಸಿದರು. "ನಾನೂ ಒಂದು ಕೂದಲೆಳೆ ತೆಳುವಾದ ಬ್ಲೇಡನ್ನ ಪಾಸ್ ಮಾಡಲ್ಲ. ಅದರ ಹಿಂದೆ ಯಾರೋ ಕೂತಿರ್ತಾರೆ. ಸರಿಸಲೇಬೇಕು."

"ಆ ಇನ್ನೊಂದು ಹ್ಯಾಂಗರ್?"

"ಮರುವಾರವೇ ಬೇರೆಯವರು ತಗೊಂಡ್ರು." ಕ್ಯಾಲಿಪರನ್ನು ಬಟ್ಟೆಯಲ್ಲಿ ಸುತ್ತಿಟ್ಟರು. "ನಗರಸಭೆಯ ಸಭೆ ಯಾವತ್ತು? ನಾನೂ ಬರ್ತೀನಿ."

ನಗರಸಭೆಯ ಆ ಸಭೆ ಮಧ್ಯಾಹ್ನ ನಡೆಯಿತು. ಜನ ತುಂಬಿದ್ದರು, ಹೆಚ್ಚಿನವರು ಕೆಲಸ ಇಲ್ಲದವರು. ನಾನು ಮೈಕಿನ ಮುಂದೆ ನಿಂತು, ಯಾರ ಹೆಸರನ್ನೂ ಎಳೆಯದೆ ತಪ್ಪು ನನ್ನದು ಎಂದೆ. ಎರಡು ಲೆಕ್ಕ ಬೆರೆತದ್ದು, ಇನ್ನೊಬ್ಬರು ತಾಳೆ ನೋಡದೆ ನಾನೇ ಹಳದಿ ಎಳೆದದ್ದು, ಶೆಡ್ಡು ಹನ್ನೆರಡು ಅಡಿ ಹಿಂದಕ್ಕೆ ಹೋಗಬೇಕಾದದ್ದು, ಎಲ್ಲವನ್ನೂ ಹೇಳಿದೆ. ಕಂಪನಿಯ ಪ್ರತಿನಿಧಿ ಎದ್ದು, ಸಾಲು ತೆರವಾಗುವುದಾದರೆ ತಮಗೆ ಅಡ್ಡಿಯಿಲ್ಲ ಎಂದ. ಜನರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು.

ಆಗ ಅಧ್ಯಕ್ಷೆ ಕನ್ನಡಕ ತೆಗೆದು ಕೇಳಿದಳು. "ಆ ಸಾಲಿನ ಬಾಡಿಗೆದಾರರಿಗೆ ನಮ್ಮ ಕಡೆಯವರು ಯಾರಾದರೂ, ಬಾಯಿಮಾತಿನಲ್ಲಾದರೂ, ಉಳಿಸ್ತೀವಿ ಅಂತ ಭರವಸೆ ಕೊಟ್ಟಿದ್ದರಾ? ಕೊಟ್ಟಿದ್ದರೆ ಉತ್ತರದ ಕಡೆ ನಮ್ಮದೇ ಜಾಗ ಇದೆ, ಅವರಿಗೆ ಅಲ್ಲಿ ಕಟ್ಟಿಕೊಡೋದು ನಮ್ಮ ಹೊಣೆ. ಇಲ್ಲದಿದ್ದರೆ ತಿಂಗಳ ನೋಟಿಸು ಸಾಕು."

"ಬರವಣಿಗೆಯಲ್ಲಿ ಏನೂ ಇಲ್ಲ," ಎಂದರು ನಗರಸಭೆಯ ವಕೀಲರು.

ನಾನು ಇನ್ನೂ ಮೈಕಿನ ಮುಂದೆಯೇ ಇದ್ದೆ. ನನ್ನನ್ನು ಯಾರೂ ಹೆಸರು ಹಿಡಿದು ಕೇಳಲಿಲ್ಲ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅಳತೆಯ ತಪ್ಪು ಯಾರಿಗಾದರೂ ಆಗುತ್ತದೆ, ಒಪ್ಪಿಕೊಂಡರೆ ಮರ್ಯಾದೆ ಹೆಚ್ಚುತ್ತದೆ. ಅಧಿಕಾರವಿಲ್ಲದೆ ಮಾತು ಕೊಟ್ಟೆ ಎಂದು ಒಪ್ಪಿಕೊಂಡರೆ ಆಫೀಸಿನ ಮೇಲೆ ಕೇಸು ಬೀಳಬಹುದು, ನನ್ನ ಕೆಲಸ ಹೋಗಬಹುದು. ಆ ವರ್ಷ ಕೆಲಸ ಕಳೆದುಕೊಂಡರೆ ಇನ್ನೊಂದು ಸಿಗುತ್ತಿರಲಿಲ್ಲ. ಇಷ್ಟೂ ನನ್ನ ತಲೆಯಲ್ಲಿ ಓಡಿದ್ದು ಎರಡೇ ಉಸಿರಿನ ಹೊತ್ತಿನಲ್ಲಿ. ಅಂಗಡಿಯ ಯಜಮಾನರು ಮೂರನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಕೂತಿದ್ದರು, ನನ್ನನ್ನೇ ನೋಡುತ್ತಿದ್ದರು. ನಾನು ನಕ್ಷೆ ಮಡಿಚಿಕೊಂಡು ಕೆಳಗಿಳಿದೆ. ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಹೊರಗೆ ಜನ ನನ್ನ ಕೈ ಕುಲುಕಿದರು. ನಿಮ್ಮಂಥ ಪ್ರಾಮಾಣಿಕರು ಅಪರೂಪ ಎಂದಳು ಮ್ಯಾನೇಜರ್. ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ. ಅಂಗಡಿಯ ಯಜಮಾನರನ್ನು ಹುಡುಕಿದೆ. ಆಗಲೇ ಹೊರಟುಹೋಗಿದ್ದರು.

ರಾಯರು ಹೊಸ ಗೂಟಗಳನ್ನು ಹೊಡೆದರು. ತಗಡಿನ ಸಾಲನ್ನು ಎರಡು ದಿನದಲ್ಲಿ ಕೆಡವಿದರು. ಬೇಸಿಗೆಯೊಳಗೆ ಅಡಿಪಾಯ ಬಿತ್ತು, ಮುಂದಿನ ವರ್ಷ ಶೆಡ್ಡು ತೆರೆಯಿತು, ಬೆಳಿಗ್ಗೆ ಏಳಕ್ಕೆ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗದಷ್ಟು ಜನ. ಹಿಂದೆಯೇ ಇನ್ನೂ ಎರಡು ಕಂಪನಿ ಬಂದವು. ಊರು ಅಂದುಕೊಂಡದ್ದು ಊರಿಗೆ ದಕ್ಕಿತು. ಅದನ್ನು ಕಡಿಮೆ ಮಾಡಿ ಹೇಳಿದರೆ ತಪ್ಪಾಗುತ್ತದೆ. ಆ ಶೆಡ್ಡಿನಲ್ಲಿ ಮತ್ತೆ ಸಂಬಳ ಕಂಡ ಮನೆಗಳು ಸುಳ್ಳಲ್ಲ.

ಎರಡು ವರ್ಷದ ಮೇಲೆ, ಬೇರೆ ಕೆಲಸಕ್ಕೆಂದು ಬೆಟ್ಟ ದಾಟಿ ಮರುಭೂಮಿಯ ಕಡೆ ಹೋಗಿದ್ದೆ. ಅಲ್ಲಿನ ಒಂದು ಸಣ್ಣ ಏರ್‌ಪೋರ್ಟಿನಲ್ಲಿ ಈಗ ಆ ಯಜಮಾನರ ಅಂಗಡಿ ಇದೆ ಎಂದು ಕೇಳಿದ್ದೆ. ಬಿಸಿಲು ಸುಡುತ್ತಿತ್ತು. ನಾಲ್ವರು ಕೆಲಸಗಾರರಲ್ಲಿ ಒಬ್ಬ ಮಾತ್ರ ಜೊತೆಗೆ ಬಂದಿದ್ದ, ಉಳಿದವರಿಗೆ ಅಷ್ಟು ದೂರ ಆಗಲಿಲ್ಲ. ಕೆಲಸವೂ ಕಡಿಮೆ, ಗೋಡೆಗೆ ಒರಗಿಸಿದ್ದ ಪ್ರೊಪೆಲ್ಲರುಗಳು ಎರಡೇ. ಅವರು ಸೊರಗಿದ್ದರು. ನನ್ನನ್ನು ಕಂಡು ಕುರ್ಚಿ ಎಳೆದು ಕೂರಿಸಿದರು.

ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಆಮೇಲೆ ನಾನೇ ತೆಗೆದೆ. ಅವತ್ತು ಸಭೆಯಲ್ಲಿ ನನ್ನ ಮಾತಿನ ವಿಷಯ ಹೇಳಬೇಕಿತ್ತು, ಹೇಳಲಿಲ್ಲ, ಹೆದರಿದೆ ಎಂದೆ.

"ನಾನೇ ಎದ್ದು ಹೇಳಬಹುದಿತ್ತು," ಎಂದರು. "ಬಾಡಿಗೆದಾರ ಜಾಗದ ಆಸೆಗೆ ಹೇಳ್ತಾನೆ ಅಂತಿದ್ರು. ನೀವು ಹೇಳಿದ್ರೆ ನಂಬ್ತಿದ್ರು. ಆಗಷ್ಟೇ ಅಷ್ಟು ದೊಡ್ಡ ತಪ್ಪು ಒಪ್ಕೊಂಡಿದ್ರಿ. ಅದಕ್ಕೆ ಕಾದು ಕೂತೆ."

"ಕ್ಷಮಿಸಿ. ನಾನು ನಿಮಗೆ ಮಾತು ಕೊಟ್ಟಿದ್ದೆ."

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಸಲೀಸಾಗುತ್ತಿತ್ತು.

"ಅದನ್ನ ಈಗ ನನಗ್ಯಾಕೆ ಹೇಳ್ತೀರಾ?" ಎಂದರು. "ನನಗೆ ಗೊತ್ತಿತ್ತಲ್ಲ. ಗೊತ್ತಿಲ್ಲದೇ ಇದ್ದದ್ದು ಆ ಸಭೆಯವರಿಗೆ."